ಬ್ರಿಡ್ಜ್ ಮಾಡಿದ ಆಂಪ್ಲಿಫೈಯರ್ ಪ್ರೊಟೆಕ್ಟ್‌ಗೆ ಹೋಗುತ್ತಿದೆಯೇ? ದೋಷ ಹುಡುಕುವ ಹಂತಗಳು

ಎರಡು ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಹಾಕಿದಾಗ ಆಂಪ್ಲಿಫೈಯರ್ ರಾತ್ರಿಯಿಡೀ ತಕರಾರಿಲ್ಲದೆ ಹಾಡುತ್ತದೆ. ಅದನ್ನೇ ಬ್ರಿಡ್ಜ್ ಮಾಡಿ ಎರಡು ಡಬಲ್ 18 ಬೇಸ್ ಬಿನ್ (18 ಇಂಚಿನ ಎರಡೆರಡು ಸ್ಪೀಕರ್ ಇರುವ ಬೇಸ್ ಡಬ್ಬ) ಕೊಟ್ಟರೆ, ಡ್ರಮ್ ಪೆಟ್ಟು ಬಿದ್ದಾಗೆಲ್ಲ ಕೆಂಪು ಲೈಟ್ ಹತ್ತಿ ಸದ್ದು ಕಟ್ ಆಗುತ್ತದೆ. ತನ್ನನ್ನು ಕಾಪಾಡಿಕೊಳ್ಳಲು ಆಂಪ್ಲಿಫೈಯರ್ ಹೀಗೆ ಬಂದ್ ಆಗುವುದಕ್ಕೇ ಪ್ರೊಟೆಕ್ಟ್ ಎನ್ನುವುದು. ಗಣಪತಿ ಹಬ್ಬ ಹತ್ತಿರ ಬಂದಾಗ ಈ ಪ್ರಶ್ನೆ ಹಲವು ರೂಪದಲ್ಲಿ ಬರುತ್ತದೆ. ಕೆಲವರು ಯಾವ ಟ್ರಾನ್ಸಿಸ್ಟರ್ ಬದಲಿಸಬೇಕು ಎಂದು ಕೇಳುತ್ತಾರೆ, ಕೆಲವರು ಪ್ರೊಟೆಕ್ಷನ್ ಬೋರ್ಡ್ ಕಿತ್ತುಹಾಕಿದರೆ ಆಗುತ್ತದೆಯೇ ಎಂದು. ಎರಡನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇನೆ: ಬೇಡ. ಅದನ್ನು ಕಿತ್ತ ದಿನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೂ ಹೋಗುತ್ತವೆ, ಅವುಗಳ ಹಿಂದೆಯೇ ನಿಮ್ಮ ಸ್ಪೀಕರ್ ಕಾಯಿಲ್‌ಗಳೂ ಹೋಗುತ್ತವೆ. ಮೊದಲ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ "ಯಾವುದೂ ಅಲ್ಲ". ಆಂಪ್ಲಿಫೈಯರ್ ಸರಿಯಾಗೇ ಇರುತ್ತದೆ, ಲೆಕ್ಕ ತಪ್ಪಿರುತ್ತದೆ.

ಮೊದಲು ಆ ಲೆಕ್ಕ

ಬ್ರಿಡ್ಜ್ ಎಂದರೆ ಎರಡೂ ಚಾನೆಲ್‌ಗಳಿಗೆ ಒಂದೇ ಸಿಗ್ನಲ್ ಕೊಟ್ಟು, ಒಂದರಲ್ಲಿ ಮಾತ್ರ ಅದನ್ನು ತಲೆಕೆಳಗು ಮಾಡುವುದು. ಒಂದು ಚಾನೆಲ್ +40 ವೋಲ್ಟ್‌ಗೆ ಏರುವ ಕ್ಷಣದಲ್ಲಿ ಇನ್ನೊಂದು −40 ವೋಲ್ಟ್‌ಗೆ ಇಳಿಯುತ್ತದೆ. ಮರ ಕುಯ್ಯುವ ಉದ್ದ ಗರಗಸದ ಎರಡು ತುದಿ ಹಿಡಿದವರಂತೆ, ಒಬ್ಬ ಎಳೆದರೆ ಇನ್ನೊಬ್ಬ ಒತ್ತುತ್ತಾನೆ. ಸ್ಪೀಕರ್ ಎರಡು ಕೆಂಪು ಟರ್ಮಿನಲ್‌ಗಳ ನಡುವೆ ಇರುವುದರಿಂದ ಅದಕ್ಕೆ ಸಿಗುವುದು 80 ವೋಲ್ಟ್. ವೋಲ್ಟೇಜ್ ಎರಡು ಪಟ್ಟು, ಆದ್ದರಿಂದ ಅದೇ ಸ್ಪೀಕರಿಗೆ ಪವರ್ ಕಾಗದದ ಮೇಲೆ ನಾಲ್ಕು ಪಟ್ಟು.

ಇದರ ಬೆಲೆ ಕರೆಂಟಿನಲ್ಲಿ ಕಟ್ಟಬೇಕು. ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್ಲಿಗೂ ಸ್ಪೀಕರಿನ ಅರ್ಧ ಓಮ್ ಮಾತ್ರ ಕಾಣುತ್ತದೆ. 8 ಓಮ್ ಸ್ಪೀಕರ್ ಹಾಕಿದರೆ ಪ್ರತಿ ಚಾನೆಲ್ 4 ಓಮ್ ಹೊರುತ್ತಿದೆ, 4 ಓಮ್ ಹಾಕಿದರೆ 2 ಓಮ್. ಇಲ್ಲಿ ಓಮ್ ಎಂದರೆ ಇಂಪೀಡೆನ್ಸ್, ಅಂದರೆ ಸಂಗೀತದ ಸಿಗ್ನಲ್‌ಗೆ ಸ್ಪೀಕರ್ ಒಡ್ಡುವ ತಡೆ. ಅದು ಕಡಿಮೆಯಾದಷ್ಟೂ ಕರೆಂಟ್ ಜಾಸ್ತಿ ಹರಿಯುತ್ತದೆ.

8 ಓಮ್‌ಗೆ ಚಾನೆಲ್‌ಗೆ 400 ವ್ಯಾಟ್ ಕೊಡುವ ಆಂಪ್ಲಿಫೈಯರ್ ತೆಗೆದುಕೊಳ್ಳಿ. ಅದರ ಔಟ್‌ಪುಟ್ ಸುಮಾರು 57 ವೋಲ್ಟ್, ಹರಿಯುವುದು 7 ಆಂಪಿಯರ್. ಬ್ರಿಡ್ಜ್ ಮಾಡಿದರೆ 113 ವೋಲ್ಟ್. 8 ಓಮ್‌ಗೆ 14 ಆಂಪಿಯರ್, 4 ಓಮ್‌ಗೆ 28 ಆಂಪಿಯರ್. ಇನ್ನು ಎರಡು ಡಬಲ್ 18 ಬಿನ್ ಪ್ಯಾರಲಲ್ ಮಾಡಿದಿರಿ ಎನ್ನಿ. ಒಳಗೆ 8 ಓಮ್‌ನ ನಾಲ್ಕು ಸ್ಪೀಕರ್, ಎಲ್ಲವೂ ಪ್ಯಾರಲಲ್, ಒಟ್ಟು 2 ಓಮ್. ಕೇಳುವ ಕರೆಂಟ್ 57 ಆಂಪಿಯರ್, ಪೆಟ್ಟಿನ ತುದಿಯಲ್ಲಿ 80! ಒಂದೊಂದು ಚಾನೆಲ್ಲೂ 1 ಓಮ್ ಹೊರಬೇಕು. ನಮ್ಮಲ್ಲಿ ಸೌಂಡ್ಸ್‌ನವರ ಬಳಿ ಇರುವ ಸಾಮಾನ್ಯ ಆಂಪ್ಲಿಫೈಯರ್ ಯಾವುದೂ ಇದನ್ನು ಕೊಡಲಾರದು. ಅದು ಪ್ರೊಟೆಕ್ಟ್‌ಗೆ ಹೋಗುವುದು ದೋಷವಲ್ಲ, ಜೀವ ಉಳಿಸಿಕೊಳ್ಳುವ ದಾರಿ.

ಬ್ರಿಡ್ಜ್ ಕೊಡುವುದು ವೋಲ್ಟೇಜು, ಕಡಿಮೆ ಓಮ್ ಕೇಳುವುದು ಕರೆಂಟು. ಮುಂದಿನ ಹಂತಗಳನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಮಾಡಿ.

ಬೇಕಾಗುವ ಸಾಮಾನು

ಡಿಜಿಟಲ್ ಮಲ್ಟಿಮೀಟರ್. ಟೋನ್ ಜನರೇಟರ್ ಆ್ಯಪ್ ಇರುವ ಮೊಬೈಲು, ಅದರಿಂದ ಆಂಪ್ಲಿಫೈಯರ್ ಇನ್‌ಪುಟ್‌ಗೆ ಒಂದು ಲೀಡ್. ಚೆನ್ನಾಗಿದೆ ಎಂದು ಖಚಿತವಿರುವ 8 ಓಮ್ ಸ್ಪೀಕರ್ ಒಂದು. ಮುಚ್ಚಳ ಬಿಚ್ಚುವುದಾದರೆ ಸೀರೀಸ್ ಬೋರ್ಡ್, ಅಂದರೆ ಫೇಸ್ ತಂತಿಯ ದಾರಿಯಲ್ಲಿ 100 ಅಥವಾ 200 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಸೇರಿಸಿದ ಪ್ಲಗ್ ಬೋರ್ಡ್. ಎಲ್‌ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬಾರದು.

ಎಚ್ಚರಿಕೆ ಎರಡು. 8 ಓಮ್‌ಗೆ 2000 ವ್ಯಾಟ್ ಬ್ರಿಡ್ಜ್ ಔಟ್‌ಪುಟ್ ಎಂದರೆ 126 ವೋಲ್ಟ್. ಮನೆಯ ಕರೆಂಟಿನ ಅರ್ಧಕ್ಕಿಂತ ಹೆಚ್ಚು, ಎರಡೂ ತಂತಿಯಲ್ಲಿ ಜೀವ ಇರುತ್ತದೆ. ಹಾಡುವಾಗ ಸ್ಪೀಕರ್ ತಂತಿಯ ತುದಿ ಮುಟ್ಟಬೇಡಿ. ಇನ್ನು ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬಿಡಿ. ಹೋಲ್ಡರಿಗೆ 100 ವ್ಯಾಟ್ ಫಿಲಮೆಂಟ್ ಬಲ್ಬ್ ಹಾಕಿ ಅದರ ಎರಡು ತಂತಿಗಳನ್ನು ಕಪಾಸಿಟರ್ ಕಾಲುಗಳಿಗೆ ಹಿಡಿದರೆ ಮಿಣುಕಿ ಆರುತ್ತದೆ. ಆಮೇಲೂ ಮೀಟರ್ ಹಿಡಿದು ಸೊನ್ನೆ ಹತ್ತಿರ ಬಂದಿದೆಯೇ ನೋಡಿಯೇ ಕೈ ಹಾಕಿ.

ಹಂತ 1: ಯಾವಾಗ ಕೆಡುತ್ತದೆ ಎಂದು ಗಮನಿಸಿ

ಲಕ್ಷಣ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಸ್ವಿಚ್ ಹಾಕಿದ ಕೂಡಲೇ, ಸ್ಪೀಕರ್ ಇಲ್ಲದೆಯೂ ಪ್ರೊಟೆಕ್ಟ್ ಹತ್ತಿದರೆ ದೋಷ ಆಂಪ್ಲಿಫೈಯರ್ ಒಳಗಿದೆ, ನೇರ ಹಂತ 8ಕ್ಕೆ ಹೋಗಿ. ಸ್ಪೀಕರ್ ಚುಚ್ಚಿದ ಮೇಲೆ ಮಾತ್ರ ಹತ್ತಿದರೆ ಕೇಬಲ್ ಅಥವಾ ಸ್ಪೀಕರ್. ಡ್ರಮ್ಮಿನ ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ಹತ್ತಿ ತಾನೇ ವಾಪಸ್ ಬಂದರೆ ಓಮ್ ಕಡಿಮೆಯಿದೆ, ಇಲ್ಲವೇ ಮೇನ್ಸ್ ವೋಲ್ಟೇಜ್ ಕುಸಿಯುತ್ತಿದೆ. ಅರ್ಧ ಗಂಟೆ ಹಾಡಿದ ಮೇಲೆ ಬಂದ್ ಆಗಿ, ತಣ್ಣಗಾದ ಮೇಲೆ ಮತ್ತೆ ಹಾಡಿದರೆ ಬಿಸಿಯ ತೊಂದರೆ. ಪ್ರೊಟೆಕ್ಟ್ ಇಲ್ಲದೇ ಬೇಸ್ ಮಾತ್ರ ಸಪ್ಪೆ ಇದ್ದರೆ ವೈರಿಂಗ್ ತಪ್ಪು, ಹಂತ 4 ಮತ್ತು 5 ನಿಮಗೆ.

ಹಂತ 2: ಹಿಂದಿನ ಪ್ಯಾನೆಲ್ ಓದಿ

ಬ್ರಿಡ್ಜ್ ಎಂಬ ಪದದ ಪಕ್ಕದಲ್ಲಿ ಕನಿಷ್ಠ ಓಮ್ ಎಷ್ಟೆಂದು ಅಚ್ಚಾಗಿರುತ್ತದೆ. ಬಹಳಷ್ಟರಲ್ಲಿ 8, ಕೆಲವದರಲ್ಲಿ 4. ಅಚ್ಚಾಗಿಲ್ಲದಿದ್ದರೆ ಒಂದು ಚಾನೆಲ್ಲಿನ ಕನಿಷ್ಠ ಓಮ್ ನೋಡಿ ಎರಡರಿಂದ ಗುಣಿಸಿ. ಚಾನೆಲ್ಲಿಗೆ 4 ಎಂದಿದ್ದರೆ ಬ್ರಿಡ್ಜ್‌ಗೆ 8ಕ್ಕಿಂತ ಕಡಿಮೆ ಹಾಕುವಂತಿಲ್ಲ.

ಸ್ಪೀಕರ್ ಮೇಲೆ ಬರೆದ 8 ಓಮ್ ಸಹ ಎಲ್ಲ ಸ್ವರಕ್ಕೂ 8 ಅಲ್ಲ. ಐಇಸಿ 60268-5 ಮಾನದಂಡದ ಪ್ರಕಾರ ಬರೆದ ಅಂಕಿಯ ಶೇ. 80ರವರೆಗೆ ಇಳಿಯಲು ಅವಕಾಶವಿದೆ. 4 ಓಮ್ ಬಿನ್ ಯಾವುದೋ ಒಂದು ಸ್ವರದಲ್ಲಿ 3.2 ಆಗಬಹುದು, ಆಗ ಬ್ರಿಡ್ಜ್‌ನ ಪ್ರತಿ ಚಾನೆಲ್ ಕಾಣುವುದು 1.6. ಒಂದು ಹಾಡಿಗೆ ಏನೂ ಆಗದೆ ಇನ್ನೊಂದು ಹಾಡಿಗೆ ಟ್ರಿಪ್ ಆಗುವುದರ ಗುಟ್ಟು ಇದೇ.

ಹಂತ 3: ಸ್ಪೀಕರ್ ಮತ್ತು ಕೇಬಲ್ ಅಳೆಯಿರಿ

ಆಂಪ್ಲಿಫೈಯರ್‌ನಿಂದ ಸ್ಪೀಕಾನ್ (ಸ್ಪೀಕರ್ ಕೇಬಲ್ಲಿನ ತುದಿಯ ಕನೆಕ್ಟರ್) ಕಿತ್ತು, ಬಿನ್‌ಗಳನ್ನು ಹಾಗೇ ಜೋಡಿಸಿಟ್ಟು, ಕೇಬಲ್ ತುದಿಯಲ್ಲಿ ಮೀಟರ್ ಹಿಡಿಯಿರಿ. ಅದಕ್ಕೂ ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ಬರುವ ಅಂಕಿ ನೋಡಿಕೊಳ್ಳಿ. 0.2ರಿಂದ 0.5 ತೋರಿಸಬಹುದು. ಅದನ್ನು ಪ್ರತಿ ಅಳತೆಯಿಂದ ಕಳೆಯಬೇಕು. 2 ಓಮ್ ಅಳೆಯುವ ಜಾಗದಲ್ಲಿ 0.5 ಸಣ್ಣ ತಪ್ಪಲ್ಲ.

ಮೀಟರ್ ತೋರಿಸುವುದು ಕಾಯಿಲ್ಲಿನ ಡಿಸಿ ತಡೆ, ಅದು ಬರೆದ ಓಮ್‌ಗಿಂತ ಕಡಿಮೆಯೇ ಇರುತ್ತದೆ. 8 ಓಮ್ ಸ್ಪೀಕರಿಗೆ 5.5ರಿಂದ 6.5, 4 ಓಮ್ ಬಿನ್‌ಗೆ ಸುಮಾರು 3. ನಾಲ್ಕು ಸ್ಪೀಕರ್ ಪ್ಯಾರಲಲ್ ಆಗಿದ್ದರೆ 1.5 ಆಸುಪಾಸು. ಡಬಲ್ ಬಿನ್ನಿನಲ್ಲಿ 3ರ ಬದಲು 6 ಬಂದರೆ ಒಂದು ಕಾಯಿಲ್ ಕಡಿದಿದೆ. 2ಕ್ಕಿಂತ ಕೆಳಗೆ ಬಂದರೆ ಒಂದು ಕಾಯಿಲ್ ಸುಟ್ಟು ಸುತ್ತುಗಳು ಒಳಗೊಳಗೇ ಅಂಟಿವೆ. ಎರಡೂ ಅಂಗೈ ಇಟ್ಟು ಕೋನನ್ನು ಸಮನಾಗಿ ಮೆಲ್ಲಗೆ ಒತ್ತಿ ನೋಡಿ. ಗರಗರ ಸದ್ದು ಬಂದರೆ ಅಥವಾ ಒತ್ತುವಾಗ ಮೀಟರಿನ ಅಂಕಿ ಜಿಗಿದಾಡಿ ಅದೇ ಜಾಗಕ್ಕೆ ವಾಪಸ್ ಬಾರದಿದ್ದರೆ ಆ ಸ್ಪೀಕರನ್ನು ಬದಿಗಿಡಿ.

ಕಾರ್ಯಕ್ರಮ ಮುಗಿದ ಕೂಡಲೇ ಅಳೆದು ಮೋಸ ಹೋಗುವವರು ಬಹಳ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಂತೆ ಏರುತ್ತದೆ. ಕಾಯಿಲ್ 100 ಡಿಗ್ರಿ ಬಿಸಿಯೇರಿದ್ದರೆ 6 ಓಮ್ ಕಾಯಿಲ್ 8.3 ತೋರಿಸುತ್ತದೆ. ಸ್ಪೀಕರ್ ತಣ್ಣಗಿದ್ದಾಗಲೇ ಅಳೆಯಿರಿ.

ಈಗ ಬಿನ್‌ಗಳನ್ನು ಕಿತ್ತು ಕೇಬಲ್ ಒಂದನ್ನೇ ಅಳೆಯಿರಿ. ಎರಡು ತಂತಿಗಳ ನಡುವೆ ಮೀಟರ್ ಏನನ್ನೂ ತೋರಿಸಬಾರದು. ತೋರಿಸಿದರೆ ಸ್ಪೀಕಾನ್ ಬಿಚ್ಚಿ, ಕೂದಲೆಳೆಯಷ್ಟು ತಾಮ್ರದ ಎಳೆ ಪಕ್ಕದ ಸ್ಕ್ರೂಗೆ ತಾಗಿರುತ್ತದೆ. ಹಾಗೆಯೇ ಪ್ರತಿ ತಂತಿಗೂ ಸ್ಟ್ಯಾಂಡ್, ಟ್ರಸ್, ಬಿನ್ನಿನ ಜಾಲರಿ ಮುಂತಾದ ಲೋಹಕ್ಕೂ ನಡುವೆ ಅಳೆಯಿರಿ. ಸಾಮಾನ್ಯ ಜೋಡಣೆಯಲ್ಲಿ ಕಪ್ಪು ತಂತಿ ಲೋಹಕ್ಕೆ ತಾಗಿದರೂ ಸುಮ್ಮನಿರುತ್ತಿದ್ದ ಆಂಪ್ಲಿಫೈಯರ್, ಬ್ರಿಡ್ಜ್‌ನಲ್ಲಿ ಅದೇ ತಂತಿ ತಾಗಿದರೆ ಶಾರ್ಟ್ ಎಂದು ಬಂದ್ ಆಗುತ್ತದೆ. ಆದ್ದರಿಂದಲೇ ಬ್ರಿಡ್ಜ್‌ಗೆ ಕಾಲಿಂಚಿನ ಜ್ಯಾಕ್ ಬಳಸಬಾರದು, ಅದರ ಲೋಹದ ಮೈ ಸ್ವತಃ ಒಂದು ತಂತಿ.

ಕೇಬಲ್ ದಪ್ಪದ ಬಗ್ಗೆ ಜಿಪುಣತನ ಮಾಡಬೇಡಿ. ಬಿನ್ 20 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 40 ಮೀಟರ್. 1 ಚದರ ಮಿ.ಮೀ. ತಾಮ್ರವಾದರೆ ಸುಮಾರು 0.69 ಓಮ್. 4 ಓಮ್ ಬಿನ್ನಿಗೆ ಕಳಿಸಿದ ಪವರ್‌ನಲ್ಲಿ ಶೇ. 15 ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ, ಬೇಸ್ ಸಡಿಲವಾಗಿ ಕೇಳುತ್ತದೆ. 2.5 ಚದರ ಮಿ.ಮೀ. ಹಾಕಿದರೆ ನಷ್ಟ ಶೇ. 6ರಷ್ಟು, 4 ಚದರ ಮಿ.ಮೀ. ಇನ್ನೂ ಒಳ್ಳೆಯದು. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ತಂತಿ ಅಗ್ಗಕ್ಕೆ ಸಿಗುತ್ತದೆ, ಅದರ ತಡೆ ಒಂದೂವರೆ ಪಟ್ಟು. ಚಾಕುವಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ.

ಹಂತ 4: ಸ್ವಿಚ್ ಮತ್ತು ಕನೆಕ್ಟರ್

ಹಿಂದೆ ಸ್ಟೀರಿಯೋ, ಪ್ಯಾರಲಲ್, ಬ್ರಿಡ್ಜ್ ಎಂದು ಮೂರು ಜಾಗದ ಸ್ವಿಚ್ ಇರುತ್ತದೆ. ಪ್ಯಾರಲಲ್ ಎಂದರೆ ಇನ್‌ಪುಟ್ ಮಾತ್ರ ಒಂದಾಗುವುದು, ಅದು ಬ್ರಿಡ್ಜ್ ಅಲ್ಲ. ಪ್ಯಾರಲಲ್‌ನಲ್ಲಿಟ್ಟು ಎರಡು ಕೆಂಪಿನ ನಡುವೆ ಸ್ಪೀಕರ್ ಹಾಕಿದರೆ ಎರಡೂ ಕಡೆ ಒಂದೇ ವೋಲ್ಟೇಜ್, ವ್ಯತ್ಯಾಸ ಸೊನ್ನೆ, ಸದ್ದೇ ಇಲ್ಲ. ಉಲ್ಟಾ ತಪ್ಪು ಇನ್ನೂ ಸಾಮಾನ್ಯ. ಬ್ರಿಡ್ಜ್ ಸ್ವಿಚ್ ಹಾಗೇ ಬಿಟ್ಟು ಮರುದಿನ ಸ್ಟೀರಿಯೋ ಎಂದು ಎರಡು ಬಿನ್ ಬೇರೆ ಬೇರೆ ಹಾಕುತ್ತಾರೆ. ಒಂದು ಬಿನ್ ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆಯುತ್ತದೆ, ಮೈದಾನದ ನಡುವೆ ನಿಂತರೆ ಬೇಸ್ ಮಾಯ. ಸ್ವಿಚ್ ಬದಲಿಸುವುದು ಪವರ್ ಆಫ್ ಮಾಡಿದ ಮೇಲೆಯೇ.

ಸ್ಪೀಕಾನ್‌ನಲ್ಲಿ ನಾಲ್ಕು ಕಡ್ಡಿ: 1+, 1−, 2+, 2−. ಬ್ರಿಡ್ಜ್ ಔಟ್‌ಪುಟ್ ಹಲವು ಆಂಪ್ಲಿಫೈಯರ್‌ಗಳಲ್ಲಿ 1+ ಮತ್ತು 2+ ಮೇಲೆ ಬರುತ್ತದೆ. ನಿಮ್ಮ ಮಾಮೂಲಿ ಕೇಬಲ್ 1+ ಮತ್ತು 1−ಗೆ ಕಟ್ಟಿರುತ್ತದೆ. ಅದನ್ನೇ ಚುಚ್ಚಿದರೆ ಸದ್ದೇನೋ ಬರುತ್ತದೆ, ಆದರೆ ಹಾಡುತ್ತಿರುವುದು ಒಂದೇ ಚಾನೆಲ್. ಅರ್ಧ ವೋಲ್ಟೇಜ್, ಕಾಲು ಭಾಗ ಪವರ್, 6 ಡೆಸಿಬೆಲ್ ಕಡಿಮೆ. ಬ್ರಿಡ್ಜ್ ಮಾಡಿದರೂ ಸೌಂಡ್ ಏರಲೇ ಇಲ್ಲ ಎನ್ನುವವರು ಮೊದಲು ಇದನ್ನೇ ನೋಡಬೇಕು. ಬ್ರಿಡ್ಜ್‌ಗೆಂದೇ ಒಂದು ಕೇಬಲ್ ಮಾಡಿ, ಎರಡೂ ತುದಿಗೆ ಕೆಂಪು ಟೇಪ್ ಸುತ್ತಿಡಿ.

ಕ್ಲಾಸ್ ಡಿ, ಅಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸ್ವಿಚ್ಚಿನಂತೆ ವೇಗವಾಗಿ ಆನ್ ಆಫ್ ಆಗುವ ಆಂಪ್ಲಿಫೈಯರ್‌ಗಳಲ್ಲಿ ಕಣ್ಣುಮುಚ್ಚಿ ಕೆಂಪಿಗೆ ಕೆಂಪು ಎನ್ನಬೇಡಿ. ಕೆಲವದರಲ್ಲಿ ಒಂದು ಚಾನೆಲ್ ಒಳಗೇ ತಿರುಗಿರುತ್ತದೆ. ಪ್ಯಾನೆಲ್ಲಿನ ಗೆರೆ ಎಲ್ಲಿಂದ ಎಲ್ಲಿಗೆ ಎಳೆದಿದೆಯೋ ಅಲ್ಲಿಗೇ ಹಾಕಿ. ಟಿಪಿಎ3116, ಟಿಡಿಎ7388ರಂಥ ಚಿಪ್ ಇರುವ ಸಣ್ಣ ಬೋರ್ಡ್‌ಗಳು ಸಾಮಾನ್ಯವಾಗಿ ಹುಟ್ಟಿನಿಂದಲೇ ಬ್ರಿಡ್ಜ್ ಆಗಿರುತ್ತವೆ. ಅವುಗಳ ಎರಡು ಔಟ್‌ಪುಟ್ ಸೇರಿಸಿ ಇನ್ನೊಮ್ಮೆ ಬ್ರಿಡ್ಜ್ ಮಾಡಲಾಗದು, ಮೈನಸ್ ತಂತಿಯನ್ನು ಡಬ್ಬಿಯ ಲೋಹದ ಮೈಗೆ ತಾಗಿಸಿದರೆ ಚಿಪ್ಪಿಗೆ ಏಟು ಬೀಳುತ್ತದೆ.

ಸ್ಪೀಕರ್ ಲೈನಿನಿಂದ ಕುಣಿಯುವ ಎಲ್‌ಇಡಿ ವಿಯು ಬೋರ್ಡ್ ಕಟ್ಟಿದ್ದರೆ ಬ್ರಿಡ್ಜ್ ಮಾಡುವ ಮೊದಲು ಬಿಚ್ಚಿಡಿ. ಅದರ ನೆಲದ ತಂತಿ ಒಂದು ಚಾನೆಲ್ಲನ್ನು ನೇರ ಶಾರ್ಟ್ ಮಾಡುತ್ತದೆ.

ಹಂತ 5: ಮೂರು ಅಳತೆ

ಈ ಹಂತಕ್ಕೆ ಐದು ನಿಮಿಷ ಸಾಕು, ಆದರೆ ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನೇ ಮಾಡಿ. ಸ್ಪೀಕರ್ ಪೂರ್ತಿ ಕಿತ್ತಿಡಿ. ಸ್ವಿಚ್ ಬ್ರಿಡ್ಜ್‌ನಲ್ಲಿರಲಿ. ಮೊಬೈಲಿನಿಂದ 60 ಹರ್ಟ್ಸ್ ಸೈನ್ ಟೋನನ್ನು ಎ ಚಾನೆಲ್ ಇನ್‌ಪುಟ್‌ಗೆ ಕೊಡಿ. ಬ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ ಎ ಚಾನೆಲ್ಲಿನ ವಾಲ್ಯೂಮ್ ಒಂದೇ ಕೆಲಸ ಮಾಡುತ್ತದೆ. ಕೆಲವದರಲ್ಲಿ ಎರಡನ್ನೂ ಸಮ ಇಡಬೇಕು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ.

ಎ ಕೆಂಪಿನಿಂದ ಎ ಕಪ್ಪಿಗೆ ಹಿಡಿದು, ವಾಲ್ಯೂಮ್ ಏರಿಸುತ್ತಾ 10 ವೋಲ್ಟ್‌ಗೆ ತನ್ನಿ. ವಾಲ್ಯೂಮ್ ಮುಟ್ಟದೆ ಬಿ ಕೆಂಪಿನಿಂದ ಬಿ ಕಪ್ಪಿಗೆ ಹಿಡಿಯಿರಿ. ಕೊನೆಗೆ ಕೆಂಪಿನಿಂದ ಕೆಂಪಿಗೆ.

10, 10, 20 ಬಂದರೆ ಬ್ರಿಡ್ಜ್ ಸರಿಯಾಗಿದೆ, ದೋಷ ಹೊರಗಿದೆ. 10, 10, 0 ಬಂದರೆ ತಿರುಗಿಸುವ ಭಾಗ ಕೆಲಸ ಮಾಡುತ್ತಿಲ್ಲ. ಸ್ವಿಚ್ಚಿನ ಒಳಗೆ ಕಪ್ಪಾಗಿರುತ್ತದೆ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಿಪ್ಪತ್ತು ಸಲ ಆಚೆ ಈಚೆ ಆಡಿಸಿ. 10, 0, 10 ಬಂದರೆ ಬಿ ಚಾನೆಲ್ಲಿಗೆ ಸಿಗ್ನಲ್ ಹೋಗುತ್ತಿಲ್ಲ. 10, 10 ಬದಲು 10, 7 ಎಂದು ಬಂದರೆ ಎರಡು ಚಾನೆಲ್ಲಿನ ಗೇನ್, ಅಂದರೆ ಸಿಗ್ನಲ್ಲನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು, ಹೊಂದುತ್ತಿಲ್ಲ. ಆಗ ಒಂದು ಚಾನೆಲ್ ಮೊದಲೇ ಕ್ಲಿಪ್ ಆಗುತ್ತದೆ. ಕ್ಲಿಪ್ ಎಂದರೆ ಇರುವ ವೋಲ್ಟೇಜಿನ ಸೂರಿಗೆ ತಲೆ ತಾಗಿ ಸಿಗ್ನಲ್ಲಿನ ತುದಿ ಚಪ್ಪಟೆಯಾಗುವುದು.

ಆಸಿಲೋಸ್ಕೋಪ್ ಇದ್ದವರಿಗೆ ಒಂದು ಮಾತು. ಅದರ ನೆಲದ ಕ್ಲಿಪ್ಪನ್ನು ಯಾವ ಕೆಂಪಿಗೂ ಕಚ್ಚಿಸಬೇಡಿ, ಅರ್ತ್ ಮೂಲಕ ಆ ಚಾನೆಲ್ ಶಾರ್ಟ್ ಆಗುತ್ತದೆ. ಎರಡು ಪ್ರೋಬ್ ಎರಡು ಕೆಂಪಿಗೆ, ಎರಡು ಕ್ಲಿಪ್ಪೂ ಕಪ್ಪಿಗೆ ಹಾಕಿ, ಒಂದರಿಂದ ಒಂದನ್ನು ಕಳೆಯುವ ಆಯ್ಕೆ ಒತ್ತಿ ನೋಡಿ.

ಟೋನ್ ನಿಲ್ಲಿಸಿ ಮೀಟರನ್ನು ಡಿಸಿಗೆ ತಿರುಗಿಸಿ. ಪ್ರತಿ ಕೆಂಪಿನಿಂದ ಕಪ್ಪಿಗೆ 50 ಮಿಲಿವೋಲ್ಟ್‌ಗಿಂತ ಕಡಿಮೆ ಇರಬೇಕು. ಇದನ್ನೇ ಡಿಸಿ ಆಫ್‌ಸೆಟ್ ಎನ್ನುವುದು, ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್‌ನಲ್ಲಿ ಉಳಿಯುವ ವೋಲ್ಟೇಜು. ಕೆಂಪಿನಿಂದ ಕೆಂಪಿಗೆ ಅಳೆದು ಸೊನ್ನೆ ಬಂತೆಂದು ಸಮಾಧಾನಪಟ್ಟುಕೊಳ್ಳಬೇಡಿ. ಎರಡೂ ಕಡೆ ಒಂದೊಂದು ವೋಲ್ಟ್ ಇದ್ದರೂ ವ್ಯತ್ಯಾಸ ಸೊನ್ನೆಯೇ. ಹನ್ನೆರಡು ವೋಲ್ಟ್‌ನಲ್ಲಿ ನಡೆಯುವ ಕಾರ್ ಸ್ಟೀರಿಯೋ ಚಿಪ್‌ಗಳಲ್ಲಿ ಮಾತ್ರ ಪ್ರತಿ ಔಟ್‌ಪುಟ್‌ನಲ್ಲಿ 6 ವೋಲ್ಟ್ ಆಸುಪಾಸು ಇರುವುದು ಸಹಜ.

ಹಂತ 6: ಮೇನ್ಸ್ ಕುಸಿಯುತ್ತಿದೆಯೇ

ಹಾಡುತ್ತಿರುವಾಗ, ಆಂಪ್ಲಿಫೈಯರ್ ಚುಚ್ಚಿದ ಅದೇ ಬೋರ್ಡಿನ ಇನ್ನೊಂದು ಸಾಕೆಟ್‌ನಲ್ಲಿ ಮೀಟರ್ ಇಡಿ. ಪೆಟ್ಟು ಬಿದ್ದಾಗ 230ರಿಂದ 200ಕ್ಕಿಂತ ಕೆಳಗೆ ಜಾರುತ್ತಿದ್ದರೆ ಅಪರಾಧಿ ಆಂಪ್ಲಿಫೈಯರ್ ಅಲ್ಲ. 1.5 ಚದರ ಮಿ.ಮೀ. ತಂತಿಯ 30 ಮೀಟರ್ ಎಕ್ಸ್‌ಟೆನ್ಷನ್‌ನಲ್ಲಿ 15 ಆಂಪಿಯರ್ ಹರಿದರೆ 10 ವೋಲ್ಟ್ ಅಲ್ಲೇ ಹೋಗುತ್ತದೆ. ಮೂರು ಆಂಪ್ಲಿಫೈಯರ್ ಒಂದೇ ಬೋರ್ಡಿನಲ್ಲಿದ್ದರೆ ಲೆಕ್ಕ ನೀವೇ ಹಾಕಿ. 4 ಚದರ ಮಿ.ಮೀ. ಬಳಸಿ, ಡ್ರಮ್ಮಿನಲ್ಲಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚಿ ಹಾಸಿ, ಸುತ್ತಿಟ್ಟರೆ ಒಳಗೆ ಬಿಸಿಯಾಗಿ ಇನ್ಸುಲೇಶನ್ ಕರಗುತ್ತದೆ.

ತ್ರೀ ಫೇಸ್ ಜನರೇಟರ್ ಅಥವಾ ತಾತ್ಕಾಲಿಕ ಸಂಪರ್ಕವಾದರೆ ನ್ಯೂಟ್ರಲ್ ಸ್ಕ್ರೂ ಗಟ್ಟಿಯಿದೆಯೇ ನೋಡಿ. ಅದು ಸಡಿಲಾದರೆ ಕಡಿಮೆ ಲೋಡಿರುವ ಫೇಸಿನ ವೋಲ್ಟೇಜ್ 400ರ ಕಡೆಗೆ ಏರಬಹುದು. ಆಗ ಪ್ರೊಟೆಕ್ಟ್ ಲೈಟ್ ಹತ್ತುವಷ್ಟು ಸಮಯವೂ ಸಿಗುವುದಿಲ್ಲ.

ಹಂತ 7: ಬಿಸಿ

ಫ್ಯಾನ್ ತಿರುಗುತ್ತಿದೆಯೇ, ಗಾಳಿ ಯಾವ ಕಡೆ ಹೋಗುತ್ತದೆ ನೋಡಿ. ಹಿಂದಿನಿಂದ ಎಳೆದು ಮುಂದೆ ಬಿಡುವ ಆಂಪ್ಲಿಫೈಯರ್ ಮೇಲೆ ಮುಂದಿನಿಂದ ಎಳೆಯುವುದನ್ನು ಜೋಡಿಸಿದರೆ ಒಂದರ ಬಿಸಿಗಾಳಿ ಇನ್ನೊಂದಕ್ಕೆ ಉಸಿರು. ಫಿಲ್ಟರ್ ಸ್ಪಂಜಿನಲ್ಲಿ ಮೆರವಣಿಗೆಯ ಧೂಳು, ಬಣ್ಣದ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಬಿಚ್ಚಿ ಸೋಪುನೀರಲ್ಲಿ ತೊಳೆದು ಒಣಗಿಸಿ ಹಾಕಿ.

ಸ್ಪೀಕರ್ ಇಲ್ಲದೆ, ಸಿಗ್ನಲ್ ಇಲ್ಲದೆ ಕಾಲು ಗಂಟೆ ಆನ್ ಇಟ್ಟಾಗ ಒಂದು ಚಾನೆಲ್ ಮಾತ್ರ ಸುಡುತ್ತಿದ್ದರೆ ಅದರ ಬಯಾಸ್ ಹೆಚ್ಚಾಗಿದೆ. ಬಯಾಸ್ ಎಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಮ್ಮನಿದ್ದಾಗ ಎಳೆಯುವ ಕರೆಂಟು. ಇದಕ್ಕೆ ಮುಚ್ಚಳ ತೆಗೆಯಬೇಕು.

ಹಂತ 8: ಮುಚ್ಚಳ ತೆಗೆದ ಮೇಲೆ

ರಿಪೇರಿ ಅನುಭವ ಇಲ್ಲದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಬಳಿ ಒಯ್ಯಿರಿ. ಅನುಭವ ಇದ್ದವರಿಗೂ ಒಂದು ನೆನಪು: ಕೆಲವು ಆಂಪ್ಲಿಫೈಯರ್‌ಗಳಲ್ಲಿ ಮೈಕಾ ಹಾಳೆ ಇರುವುದಿಲ್ಲ, ಹೀಟ್‌ಸಿಂಕ್ ಮೇಲೇ ಪೂರ್ತಿ ಸಪ್ಲೈ ವೋಲ್ಟೇಜ್ ಇರುತ್ತದೆ.

1. ಪ್ಲಗ್ ಕಿತ್ತು ಕಪಾಸಿಟರ್ ಖಾಲಿ ಮಾಡಿ. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಪ್ರತಿ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಎಮಿಟರ್ ನಡುವೆ ಹಿಡಿಯಿರಿ. 0 ಬಂದರೆ ಆ ಸಾಲಿನಲ್ಲಿ ಒಂದಾದರೂ ಶಾರ್ಟ್ ಆಗಿದೆ. ಪ್ಯಾರಲಲ್ ಇರುವುದರಿಂದ ಎಲ್ಲವೂ ಶಾರ್ಟ್ ಎಂದೇ ಕಾಣುತ್ತದೆ. ಒಂದೊಂದರ ಕಾಲು ಬಿಡಿಸಿ ಹುಡುಕಬೇಕು.

2. ಪ್ರತಿ ಟ್ರಾನ್ಸಿಸ್ಟರಿನ ಎಮಿಟರಿಗೆ ಸೇರಿದ 0.22 ಓಮ್ ಅಥವಾ ಅದರ ಹತ್ತಿರದ ಬಿಳಿ ಸಿಮೆಂಟ್ ರೆಸಿಸ್ಟರ್ ಅಳೆಯಿರಿ. ಶಾರ್ಟ್ ಆದ ಟ್ರಾನ್ಸಿಸ್ಟರ್ ಜೊತೆ ಇದೂ ಕಡಿದುಹೋಗಿರುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಸೇರಿದ ರೆಸಿಸ್ಟರ್, ಡ್ರೈವರ್ ಟ್ರಾನ್ಸಿಸ್ಟರ್‌ಗಳನ್ನೂ ಬಿಡಬೇಡಿ. ಬ್ರಿಡ್ಜ್‌ನಲ್ಲಿ ಒಂದು ಚಾನೆಲ್ ಸತ್ತರೆ ಅದರ ಏಟು ಸ್ಪೀಕರ್ ಮೂಲಕ ಇನ್ನೊಂದಕ್ಕೂ ತಗಲುತ್ತದೆ, ಎರಡೂ ಚಾನೆಲ್ ಪರೀಕ್ಷಿಸಿ.

3. ಬದಲಿಸುವಾಗ ಆ ಸಾಲಿನ ಎಲ್ಲವನ್ನೂ ಒಂದೇ ಬ್ಯಾಚಿನಿಂದ ಹಾಕಿ. ನಮ್ಮಲ್ಲಿ ಹೆಚ್ಚು ಓಡುವ 2ಎಸ್‌ಸಿ5200, 2ಎಸ್‌ಎ1943 ಜೋಡಿಗೆ 15 ಆಂಪಿಯರ್, 150 ವ್ಯಾಟ್ ಮಿತಿ. 15 ಆಂಪಿಯರ್ ಇದೆಯಲ್ಲ ಎಂದು ಬೀಗಬೇಡಿ: ಟ್ರಾನ್ಸಿಸ್ಟರ್ ಮೇಲೆ 80 ವೋಲ್ಟ್ ನಿಂತಿರುವಾಗ 150 ವ್ಯಾಟ್‌ನ ಮಿತಿಯಲ್ಲಿ ನಿರಂತರ ಹರಿಯಬಹುದಾದ್ದು 2 ಆಂಪಿಯರ್ ಕೂಡ ಅಲ್ಲ. ಇದರ ನಕಲಿ ಮಾಲು ಧಾರಾಳ. ಬೆಂಗಳೂರಿನ ಎಸ್‌.ಪಿ. ರಸ್ತೆಯೇ ಇರಲಿ, ಆನ್‌ಲೈನೇ ಇರಲಿ, ಬೆಲೆ ಅನುಮಾನ ಬರುವಷ್ಟು ಕಡಿಮೆ ಇದ್ದರೆ ಬಿಟ್ಟುಬಿಡಿ. ಸತ್ತದ್ದನ್ನು ಇಕ್ಕಳದಿಂದ ಒಡೆದು ನೋಡಿ, ಒಳಗಿನ ಚಿಪ್ ತೊಗರಿಬೇಳೆ ಅಗಲ ಇಲ್ಲದೆ ಸಾಸಿವೆ ಕಾಳಿನಷ್ಟಿದ್ದರೆ ಮೊದಲು ಹಾಕಿದ್ದೂ ನಕಲಿಯೇ.

4. ಸ್ಪೀಕರ್ ಇಲ್ಲದೆ, ಸೀರೀಸ್ ಬೋರ್ಡ್ ಮೂಲಕ ಆನ್ ಮಾಡಿ. ಬಲ್ಬ್ ಒಮ್ಮೆ ಪಳ್ಳನೆ ಹತ್ತಿ ಮಂಕಾದರೆ ಒಳ್ಳೆಯದು, ಹತ್ತಿದಂತೆಯೇ ನಿಂತರೆ ಇನ್ನೂ ಶಾರ್ಟ್ ಇದೆ. ಮಂಕಾದರೆ ಡಿಸಿ ಆಫ್‌ಸೆಟ್ ಅಳೆಯಿರಿ. ಆಮೇಲೆ ಬಲ್ಬ್ ತೆಗೆದು ನೇರ ಮೇನ್ಸ್ ಕೊಟ್ಟು, ಎಮಿಟರ್ ರೆಸಿಸ್ಟರ್‌ಗಳ ಮೇಲಿನ ಮಿಲಿವೋಲ್ಟ್ ನೋಡಿ ಬಯಾಸ್ ಹೊಂದಿಸಿ. ಸರ್ವಿಸ್ ಮ್ಯಾನ್ಯುಯಲ್ ಅಂಕಿ ಸಿಗದಿದ್ದರೆ ಚೆನ್ನಾಗಿರುವ ಚಾನೆಲ್ಲಿನ ಅಂಕಿಯೇ ನಿಮ್ಮ ಅಳತೆಗೋಲು.

5. ಔಟ್‌ಪುಟ್ ರಿಲೇಯ ಮುಚ್ಚಳ ತೆಗೆದು ಕಾಂಟ್ಯಾಕ್ಟ್ ನೋಡಿ. 10 ಆಂಪಿಯರ್ ರಿಲೇಯಲ್ಲಿ 28 ಆಂಪಿಯರ್ ಓಡಿಸಿದ ಗುರುತು ಕಪ್ಪು ಗುಳಿಗಳಾಗಿ ಕಾಣುತ್ತದೆ. ಉಜ್ಜುವುದಲ್ಲ, ಬದಲಿಸುವುದೇ ಸರಿ.

ಕೊನೆಗೆ ಲೋಡ್ ಕೊಟ್ಟು ಪರೀಕ್ಷೆ. ಹೊಸ ಟ್ರಾನ್ಸಿಸ್ಟರ್ ಹಾಕಿ ನೇರ ಬಿನ್ ಚುಚ್ಚಬೇಡಿ. ನೀರು ಕಾಯಿಸುವ 2000 ವ್ಯಾಟಿನ ಇಮ್ಮರ್ಶನ್ ರಾಡ್ ಒಂದರ ತಡೆ ಸುಮಾರು 26.5 ಓಮ್, ಮೂರನ್ನು ಪ್ಯಾರಲಲ್ ಮಾಡಿದರೆ 8.8 ಓಮ್. ಬಿಸಿಯಾದರೂ ಈ ಅಂಕಿ ಹೆಚ್ಚು ಕದಲುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಗುರುತಿನವರೆಗೆ ನೀರು ತುಂಬಿ ಮೂರನ್ನೂ ಇಳಿಬಿಡಿ, ಪ್ಲಗ್ಗಿನ ಅರ್ತ್ ಕಡ್ಡಿಯನ್ನು ಅರ್ತ್‌ಗೇ ಕೊಡಿ, ಉಳಿದೆರಡನ್ನು ಔಟ್‌ಪುಟ್‌ಗೆ. ಮೊದಲೇ ಪ್ರತಿ ರಾಡಿನ ಕಡ್ಡಿಗೂ ಅದರ ಲೋಹದ ಮೈಗೂ ನಡುವೆ ಅಳೆದಿರಬೇಕು, ಸೋರುವ ರಾಡ್ ಬ್ರಿಡ್ಜ್ ಔಟ್‌ಪುಟ್ಟನ್ನು ನೆಲಕ್ಕೆ ಹಾಕುತ್ತದೆ. ನೀರಿಗೆ ಕೈ ಇಡಬೇಡಿ, ಮಕ್ಕಳನ್ನು ದೂರವಿಡಿ. 60 ಹರ್ಟ್ಸ್ ಟೋನಿನಲ್ಲಿ 30 ವೋಲ್ಟ್‌ನಿಂದ ಶುರುಮಾಡಿ, ಐದೈದು ನಿಮಿಷಕ್ಕೆ 10 ವೋಲ್ಟ್ ಏರಿಸುತ್ತಾ 80ರವರೆಗೆ ಹೋಗಿ. 8.8 ಓಮ್‌ಗೆ 80 ವೋಲ್ಟ್ ಎಂದರೆ 727 ವ್ಯಾಟ್ ನಿರಂತರ. ಇದನ್ನು ತಾಳಿದ ಆಂಪ್ಲಿಫೈಯರ್ ಸಂಗೀತವನ್ನು ತಾಳುತ್ತದೆ.

ಹಂತ 9: ಓಮ್ ಸರಿಮಾಡುವುದು

ಆಂಪ್ಲಿಫೈಯರ್ ಚೆನ್ನಾಗಿದೆ, ಲೋಡ್ ಮಾತ್ರ ಭಾರ ಎಂದು ಗೊತ್ತಾದರೆ ದಾರಿ ಎರಡಿವೆ. ಒಂದು, ಪ್ರತಿ ಡಬಲ್ 18 ಬಿನ್ನಿನ ಒಳಗಿನ ಎರಡು ಸ್ಪೀಕರ್‌ಗಳನ್ನು ಸೀರೀಸ್ ಮಾಡುವುದು. ಮೊದಲನೆಯದರ ಪ್ಲಸ್‌ಗೆ ಒಳಬರುವ ಪ್ಲಸ್, ಅದರ ಮೈನಸ್‌ನಿಂದ ಎರಡನೆಯದರ ಪ್ಲಸ್‌ಗೆ ತಂತಿ, ಎರಡನೆಯದರ ಮೈನಸ್ ಹೊರಗೆ. ಬಿನ್ 16 ಓಮ್ ಆಯಿತು, ಎರಡು ಬಿನ್ ಪ್ಯಾರಲಲ್ ಸೇರಿ 8, ಬ್ರಿಡ್ಜ್‌ಗೆ ಸರಿಹೊಂದಿತು. ಎರಡೂ ಒಂದೇ ಮಾದರಿಯ ಸ್ಪೀಕರ್ ಆಗಿರಬೇಕು. ಮುಗಿಸಿದ ಮೇಲೆ 1.5 ವೋಲ್ಟ್ ಶೆಲ್ ಒಂದನ್ನು ಬಿನ್ನಿನ ತುದಿಗೆ ತಾಗಿಸಿ ನೋಡಿ, ಎರಡೂ ಕೋನ್ ಒಂದೇ ಕಡೆಗೆ ಅಲುಗಬೇಕು.

ಇನ್ನೊಂದು ದಾರಿ ಬ್ರಿಡ್ಜ್ ಬಿಡುವುದು. 4 ಓಮ್ ಬಿನ್ ಒಂದೊಂದನ್ನು ಒಂದೊಂದು ಚಾನೆಲ್ಲಿಗೆ ಹಾಕಿ. ಮೇಲಿನ ಉದಾಹರಣೆಯಲ್ಲಿ ಪ್ರತಿ ಸ್ಪೀಕರಿಗೆ ಸಿಗುವುದು 57 ವೋಲ್ಟ್. ಮೊದಲ ದಾರಿಯಲ್ಲಿ 113 ವೋಲ್ಟನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ಅಲ್ಲಿಯೂ ಪ್ರತಿ ಸ್ಪೀಕರಿಗೆ 57 ಚಿಲ್ಲರೆಯೇ! ಅದೇ ನಾಲ್ಕು ಸ್ಪೀಕರ್, ಅದೇ ಒಟ್ಟು ವ್ಯಾಟ್, ಅದೇ ಸದ್ದು. ಬ್ರಿಡ್ಜ್ ಎಂಬ ಹೆಸರಿಗಾಗಿ ಬಿನ್ ಬಿಚ್ಚುವ ಶ್ರಮ ಏಕೆ? ಬ್ರಿಡ್ಜ್ ನಿಜಕ್ಕೂ ಲಾಭ ಕೊಡುವುದು ಒಂದೇ ಒಂದು 8 ಓಮ್ ದೊಡ್ಡ ಸ್ಪೀಕರಿಗೆ ಹೆಚ್ಚು ವೋಲ್ಟೇಜ್ ಬೇಕಾದಾಗ. ಆಗಲೂ ಸ್ವರಗಳನ್ನು ಬೇರ್ಪಡಿಸಿ ಹಂಚುವ ಕ್ರಾಸ್‌ಓವರಿನಲ್ಲಿ 30–35 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಅಲ್ಲಿ ಸದ್ದು ಇರುವುದಿಲ್ಲ, ಕೋನ್ ಮಾತ್ರ ಕಿತ್ತುಬರುವಂತೆ ಕುಣಿಯುತ್ತದೆ.

ಕಾರಿನ ಸಬ್‌ವೂಫರ್ ಇದ್ದವರಿಗೆ

ಲೆಕ್ಕ ಅದೇ, ಅಂಕಿ ಬೇರೆ. ಕಾರ್ ಆಂಪ್ಲಿಫೈಯರ್‌ಗಳಲ್ಲಿ ಒಂದು ಚಾನೆಲ್ ಒಳಗೇ ತಿರುಗಿರುವುದರಿಂದ ಸಾಮಾನ್ಯವಾಗಿ ಬ್ರಿಡ್ಜ್ ಸ್ವಿಚ್ ಇರುವುದಿಲ್ಲ. ಎಡದ ಪ್ಲಸ್ ಮತ್ತು ಬಲದ ಮೈನಸ್ ನಡುವೆ ಹಾಕಬೇಕು. ಬ್ರಿಡ್ಜ್‌ಗೆ ಹೆಚ್ಚಿನವು ಕನಿಷ್ಠ 4 ಓಮ್ ಕೇಳುತ್ತವೆ. ಎರಡು ಕಾಯಿಲ್ ಇರುವ ಸಬ್ ಕೊಳ್ಳುವಾಗ 2+2 ಓಮ್‌ನದನ್ನು ತೆಗೆದುಕೊಂಡು ಸೀರೀಸ್ ಮಾಡಿ, 4 ಆಗುತ್ತದೆ. 4+4 ಓಮ್‌ನದನ್ನು ಪ್ಯಾರಲಲ್ ಮಾಡಿದರೆ 2 ಆಗಿ ಪ್ರೊಟೆಕ್ಟ್ ಹತ್ತುತ್ತದೆ, ಸೀರೀಸ್ ಮಾಡಿದರೆ 8 ಆಗಿ ಪವರ್ ಅರ್ಧಕ್ಕೆ ಇಳಿಯುತ್ತದೆ. ಓಮ್ ಸರಿಯಿದ್ದೂ ಪೆಟ್ಟು ಬಿದ್ದಾಗ ಸದ್ದು ಕಟ್ ಆಗುತ್ತಿದ್ದರೆ, ಹಾಡುವಾಗ ಆಂಪ್ಲಿಫೈಯರ್ ಟರ್ಮಿನಲ್‌ನಲ್ಲೇ ಡಿಸಿ ಅಳೆಯಿರಿ. ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕಾದ್ದು 11ಕ್ಕೆ ಜಾರುತ್ತಿದ್ದರೆ, ನೆಲದ ತಂತಿಯನ್ನು ಬಿಗಿದಿರುವ ಬೋಲ್ಟಿನ ಅಡಿಯಲ್ಲಿ ಪೇಂಟ್ ಉಳಿದಿದೆಯೇ ನೋಡಿ. ತಗಡು ಹೊಳೆಯುವವರೆಗೆ ಕೆರೆದು ಮತ್ತೆ ಬಿಗಿಯಿರಿ.